ಸಾಂಕ್ರಾಮಿಕದ ಇಳಿಮುಖ ಅಂಕಿಗಳು: ರಾಮನಗರ ಸೀಮೆಯ ಚರಿತ್ರೆ ಹೇಳುವುದೇನು?

ಸಾಂಕ್ರಾಮಿಕ ರೋಗವೊಂದು ನಾಡನ್ನು ಆವರಿಸಿದಾಗ ಜನಸಮುದಾಯದ ಗಮನವೆಲ್ಲ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ನಿನ್ನೆ ಎಷ್ಟು ಮಂದಿಗೆ ಸೋಂಕು ತಗುಲಿತ್ತು, ಇಂದು ಎಷ್ಟು? ಅಂಕಿ ಏರಿದರೆ ಭಯ, ಇಳಿದರೆ ನೆಮ್ಮದಿ. ಕೋವಿಡ್ ಕಾಲದ ಎರಡು ವರ್ಷಗಳಲ್ಲಿ ಪ್ರತಿ ಸಂಜೆ ಪ್ರಕಟವಾಗುತ್ತಿದ್ದ ಆರೋಗ್ಯ ಇಲಾಖೆಯ ವರದಿಯನ್ನು ಕನ್ನಡಿಗರು ಓದಿದ್ದು ಹೀಗೆಯೇ. ಆದರೆ ಇಳಿಯುತ್ತಿರುವ ಅಂಕಿ ತಾನೇ ತಾನಾಗಿ ಆಶಾವಾದಕ್ಕೆ ಆಧಾರವಾಗಬಲ್ಲುದೇ? ಈ ಪ್ರಶ್ನೆಗೆ ಉತ್ತರವನ್ನು ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಮಾತ್ರವಲ್ಲದೆ ಒಂದು ಸಣ್ಣ ಸೀಮೆಯ ಚರಿತ್ರೆಯಲ್ಲಿಯೂ ಹುಡುಕಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸೀಮೆಯು ಪ್ಲೇಗು, 1918ರ ಇನ್‌ಫ್ಲುಯೆಂಜಾ ಹಾಗೂ ಕೋವಿಡ್ ಎಂಬ ಮೂರು ಮಹಾಮಾರಿಗಳ ಹಾದಿಯಲ್ಲಿ ಇದ್ದುದರಿಂದ ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಹೆದ್ದಾರಿ ಮತ್ತು ರೈಲುಮಾರ್ಗದ ಸೀಮೆ

ಈ ನಾಲ್ಕೂ ತಾಲ್ಲೂಕುಗಳು ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರು ಜಿಲ್ಲೆಗೆ ಸೇರಿದ್ದವು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ರಾಮನಗರದ ಹಿಂದಿನ ಹೆಸರು ಕ್ಲೋಸ್‌ಪೇಟೆ. ಹೆದ್ದಾರಿಯ ಭದ್ರತೆಗಾಗಿ ದಿವಾನ್ ಪೂರ್ಣಯ್ಯನವರು ನೆಲೆಗೊಳಿಸಿದ ಈ ಪೇಟೆಗೆ ಅಂದಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರನ್ನಿಡಲಾಗಿತ್ತು. ಕನಕಪುರವು ಕಾನಕಾನಹಳ್ಳಿಯಾಗಿತ್ತು. ಮಾಗಡಿ ಕೆಂಪೇಗೌಡರ ವಂಶದ ಊರು.

ಒಂದು ಊರಿನ ಹುಟ್ಟೇ ಹೆದ್ದಾರಿಯ ಕಾರಣದಿಂದ ಆಯಿತೆಂಬುದು ಇಲ್ಲಿ ಗಮನಾರ್ಹ. 1881-82ರಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗ ಸಿದ್ಧವಾದಾಗ ಅದು ಸಾಗಿದ್ದೂ ಕ್ಲೋಸ್‌ಪೇಟೆ ಮತ್ತು ಚನ್ನಪಟ್ಟಣಗಳ ಮೂಲಕವೇ. ಚನ್ನಪಟ್ಟಣದ ಅರಗಿನ ಬೊಂಬೆ, ರಾಮನಗರದ ರೇಷ್ಮೆಗೂಡು, ಮಾಗಡಿ-ಕನಕಪುರಗಳ ಕೃಷಿ ಉತ್ಪನ್ನ, ಇವೆಲ್ಲವೂ ಹೊರಗಿನ ಮಾರುಕಟ್ಟೆಯನ್ನು ನಂಬಿದವು. ಬೆಂಗಳೂರಿಗೆ ಸುಮಾರು 50ರಿಂದ 60 ಕಿಲೋಮೀಟರ್ ದೂರದಲ್ಲಿರುವ ಈ ಊರುಗಳಿಗೆ ಮಹಾನಗರದಲ್ಲಿ ನಡೆದುದೆಲ್ಲ ಇಂದಲ್ಲ ನಾಳೆ ತಲುಪುತ್ತದೆ. ರೋಗವೂ ಈ ನಿಯಮಕ್ಕೆ ಹೊರತಾಗಲಿಲ್ಲ.

ಪ್ಲೇಗು ಕಲಿಸಿದ ಮೊದಲ ಪಾಠ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಧಾರವಾಡ-ಹುಬ್ಬಳ್ಳಿಗಳನ್ನು ದಾಟಿ 1898ರ ಆಗಸ್ಟ್ ತಿಂಗಳಿನಲ್ಲಿ ರೈಲು ಪ್ರಯಾಣಿಕರೊಡನೆ ಬೆಂಗಳೂರನ್ನು ಪ್ರವೇಶಿಸಿತು. ಅಲ್ಲಿಂದ ಮೈಸೂರಿನವರೆಗೂ ಹರಡಿತು. ನಗರ ಮತ್ತು ದಂಡುಪ್ರದೇಶಗಳೆರಡೂ ಸೇರಿ 1891ರಲ್ಲಿ 1 ಲಕ್ಷ 80 ಸಾವಿರದ ಆಸುಪಾಸಿನಲ್ಲಿದ್ದ ಬೆಂಗಳೂರಿನ ಜನಸಂಖ್ಯೆ 1901ರ ಜನಗಣತಿಯ ವೇಳೆಗೆ 1 ಲಕ್ಷ 60 ಸಾವಿರದ ಆಸುಪಾಸಿಗೆ ಕುಸಿದಿತ್ತು. ಸತ್ತವರ ಜೊತೆಗೆ ಊರು ತೊರೆದವರೂ ಈ ಕುಸಿತದಲ್ಲಿ ಸೇರಿದ್ದಾರೆ. ಊರು ತೊರೆದವರು ಹೋದದ್ದು ಸುತ್ತಲಿನ ಹಳ್ಳಿ-ಪಟ್ಟಣಗಳಿಗೆ. ಒಂದು ಊರಿನ ಅಂಕಿ ಇಳಿಯುವುದಕ್ಕೂ ಮತ್ತೊಂದು ಊರಿನ ಅಂಕಿ ಏರುವುದಕ್ಕೂ ಇರಬಹುದಾದ ಸಂಬಂಧವನ್ನು ಇದು ಸೂಚಿಸುತ್ತದೆ.

ಪ್ಲೇಗು ಒಮ್ಮೆ ಬಂದು ಹೋದ ರೋಗವಲ್ಲ. ದಶಕಗಳ ಕಾಲ ಅದು ವರ್ಷ ವರ್ಷವೂ ಮರಳಿತು. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಏರುತ್ತಿತ್ತು, ಬೇಸಗೆಯ ವೇಳೆಗೆ ಇಳಿಯುತ್ತಿತ್ತು. ಈ ಇಳಿತದ ಕಾರಣ ಮೊದಲಿಗೆ ಯಾರಿಗೂ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಪಾಲ್ ಲೂಯಿ ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರೂ ವೈದ್ಯಲೋಕ ಅದನ್ನು ಒಪ್ಪಲು ಸುಮಾರು ಒಂದು ದಶಕ ಬೇಕಾಯಿತು. ಬಿಸಿಲು ಮತ್ತು ಒಣಹವೆಯಲ್ಲಿ ಚಿಗಟದ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ ಬೇಸಗೆಯಲ್ಲಿ ರೋಗ ತಗ್ಗುತ್ತಿತ್ತು. ಇಲಿಗಳೂ ಅವುಗಳ ಬಿಲಗಳೂ ಇದ್ದಲ್ಲಿಯೇ ಇರುತ್ತಿದ್ದುದರಿಂದ ಹವೆ ತಂಪಾದೊಡನೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಬೇಸಗೆಯ ಇಳಿಮುಖವನ್ನು ಅಧಿಕಾರಿಗಳು ತಮ್ಮ ಕ್ರಮಗಳ ಫಲವೆಂದೂ ಜನರು ಮಾರಮ್ಮನ ಕೃಪೆಯೆಂದೂ ಭಾವಿಸಿದರೆ ಅದು ಸಹಜವೇ. ಇಳಿತದ ಕಾರಣ ತಿಳಿಯದವರಿಗೆ ಏರಿಕೆಯ ಸಮಯವೂ ತಿಳಿಯುವುದಿಲ್ಲ.

ಹಳ್ಳಿಗಳ ಜನ ಈ ರೋಗವನ್ನು ಓದಿದ ಬಗೆ ಬೇರೆಯಾಗಿತ್ತು. ಅವರು ಸತ್ತ ಮನುಷ್ಯರನ್ನು ಎಣಿಸುತ್ತ ಕೂರಲಿಲ್ಲ. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯಲ್ಲಿ ಈ ಬದುಕಿನ ದಾರುಣ ಚಿತ್ರವಿದೆ. ಇಲಿಯ ಸಾವು ಮನುಷ್ಯರ ಸಾವಿಗಿಂತ ಮುಂಚಿತವಾಗಿ ಬರುವ ಸೂಚನೆ. ದಿನನಿತ್ಯದ ಸೋಂಕಿನ ಅಂಕಿಯಾದರೋ ಹಿಂದುಳಿದು ಬರುವ ಸೂಚನೆ. ಸೋಂಕು ತಗುಲಿ, ಲಕ್ಷಣ ಕಾಣಿಸಿ, ಪರೀಕ್ಷೆ ನಡೆದು, ವರದಿ ಸೇರುವಷ್ಟರಲ್ಲಿ ವಾರವೋ ಹತ್ತು ದಿನವೋ ಕಳೆದಿರುತ್ತದೆ. ಇಂದಿನ ಅಂಕಿ ಹೇಳುವುದು ಕಳೆದ ವಾರದ ಕಥೆಯನ್ನು. ಮುಂಗಾಣ್ಕೆಯ ದೃಷ್ಟಿಯಿಂದ ನೋಡಿದರೆ ಇಲಿಯನ್ನು ಗಮನಿಸಿದ ರೈತನ ವಿವೇಕ ಕಡಿಮೆಯದಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆ ನೀರಿನಲ್ಲಿ ವೈರಾಣುವಿನ ಅಂಶವನ್ನು ಅಳೆದ ವಿಜ್ಞಾನಿಗಳು ಹುಡುಕಿದ್ದೂ ಅಂತಹುದೇ ಮುನ್ಸೂಚನೆಯನ್ನು.

1918ರ ಬಿಡುವು

1918ರ ಇನ್‌ಫ್ಲುಯೆಂಜಾ ಜೂನ್ ತಿಂಗಳಿನಲ್ಲಿ ಮುಂಬಯಿ ಬಂದರಿನ ಮೂಲಕ ಭಾರತವನ್ನು ಪ್ರವೇಶಿಸಿತು. ಯುದ್ಧದಿಂದ ಮರಳಿದ ಸೈನಿಕರೂ ರೈಲುಗಳೂ ಅದನ್ನು ಒಳನಾಡಿಗೆ ಒಯ್ದವು. ಮೊದಲ ಅಲೆ ಸೌಮ್ಯವಾಗಿತ್ತು. ಮೂರು-ನಾಲ್ಕು ದಿನಗಳ ಜ್ವರ, ಮೈಕೈ ನೋವು, ಬಳಿಕ ಚೇತರಿಕೆ. ಮುಂದೆ ಅದು ತಗ್ಗಿತು. ಅಂಕಿಯನ್ನು ಮಾತ್ರ ನೋಡಿದವರಿಗೆ ಆಗಸ್ಟ್ ತಿಂಗಳಿನಲ್ಲಿ ನಿರಾಳವಾಗಲು ಎಲ್ಲ ಕಾರಣಗಳೂ ಇದ್ದವು.

ಸೆಪ್ಟೆಂಬರಿನಲ್ಲಿ ಮರಳಿ ಬಂದ ರೋಗದ ಸ್ವರೂಪ ಬೇರೆಯಾಗಿತ್ತು. ಶ್ವಾಸಕೋಶಗಳಿಗೆ ಇಳಿದ ಸೋಂಕು ಇಪ್ಪತ್ತರಿಂದ ನಲವತ್ತು ವರ್ಷದೊಳಗಿನ ದುಡಿಯುವ ಜನರನ್ನೇ ಹೆಚ್ಚಾಗಿ ಬಲಿ ತೆಗೆದುಕೊಂಡಿತು. ಆ ವರ್ಷ ಮುಂಗಾರು ಕೈಕೊಟ್ಟು ಧಾನ್ಯದ ಬೆಲೆ ಏರಿದ್ದುದರಿಂದ ಹಸಿದ ದೇಹಗಳಿಗೆ ರೋಗವನ್ನು ತಡೆಯುವ ಶಕ್ತಿಯಿರಲಿಲ್ಲ. ಭಾರತದಲ್ಲಿ ಸತ್ತವರು ಸುಮಾರು 60 ಲಕ್ಷವೆಂದು ಸರ್ಕಾರ ಮೊದಲು ಅಂದಾಜು ಮಾಡಿತು. ಮುಂದಿನ ವಿದ್ವಾಂಸರ ಅಂದಾಜುಗಳು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಇವೆ. ಭಾರತದ ಜನಗಣತಿಗಳ ಚರಿತ್ರೆಯಲ್ಲಿ ದೇಶದ ಒಟ್ಟು ಜನಸಂಖ್ಯೆ ಇಳಿದದ್ದು 1911ರಿಂದ 1921ರವರೆಗಿನ ದಶಕದಲ್ಲಿ ಮಾತ್ರ. ಮೈಸೂರು ಸಂಸ್ಥಾನದ ಜನಸಂಖ್ಯೆ ಅದೇ ಅವಧಿಯಲ್ಲಿ ಸುಮಾರು 58 ಲಕ್ಷದಿಂದ ಸುಮಾರು 60 ಲಕ್ಷಕ್ಕೆ ಬಂದು ನಿಂತಿತು. ಹತ್ತು ವರ್ಷಗಳ ಬೆಳವಣಿಗೆಯನ್ನು ಕೆಲವೇ ತಿಂಗಳುಗಳು ನುಂಗಿಹಾಕಿದ್ದವು.

ಜೂನ್ ಮತ್ತು ಸೆಪ್ಟೆಂಬರ್‌ಗಳ ನಡುವಿನ ಆ ಬಿಡುವಿನಲ್ಲಿ ಅಂದಿನ ಆಡಳಿತಕ್ಕೆ ಮಾಡಲು ಸಾಧ್ಯವಿದ್ದುದು ಅಲ್ಪವೇ. ವೈರಾಣುವೆಂಬ ಕಲ್ಪನೆಯೇ ಆಗ ಎಳೆಯದು. ಲಸಿಕೆಯಿರಲಿಲ್ಲ, ಪ್ರತಿಜೈವಿಕ ಔಷಧಗಳಿರಲಿಲ್ಲ, ವೈದ್ಯರಲ್ಲಿ ಅನೇಕರು ಯುದ್ಧಭೂಮಿಯಲ್ಲಿದ್ದರು. ಆದರೂ ಗಂಜಿ, ಬಿಸಿನೀರು, ಹಾಸಿಗೆ, ಒಬ್ಬ ಶುಶ್ರೂಷಕ, ಇಷ್ಟು ಸಿಕ್ಕಿದ್ದರೂ ಬದುಕುಳಿಯುತ್ತಿದ್ದವರು ಸಾಕಷ್ಟು ಮಂದಿ ಇದ್ದರು. ಅಂಕಿ ಇಳಿದಾಗ ಸಿಕ್ಕ ಕಾಲಾವಕಾಶವನ್ನು ಹೇಗೆ ಬಳಸಲಾಯಿತು ಎಂಬ ಪ್ರಶ್ನೆ ಈ ಕಾರಣದಿಂದಲೇ ಮುಖ್ಯವಾಗುತ್ತದೆ.

ಹಸಿರು ವಲಯದ ನೆಮ್ಮದಿ

ನೂರ ಎರಡು ವರ್ಷಗಳ ನಂತರ ಇದೇ ಸೀಮೆ ಮತ್ತೊಂದು ರೂಪದಲ್ಲಿ ಅಂಕಿಯ ಪರೀಕ್ಷೆಯನ್ನು ಎದುರಿಸಿತು. 2020ರ ಮಾರ್ಚ್‌ನಲ್ಲಿ ಕರ್ನಾಟಕದ ಮೊದಲ ಕೋವಿಡ್ ಪ್ರಕರಣ ಬೆಂಗಳೂರಿನಲ್ಲಿ ದೃಢಪಟ್ಟಿತು. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಸಂಭವಿಸಿತು. ಪ್ಲೇಗಿನ ಕಾಲದಲ್ಲಿ ರೂಪುಗೊಂಡ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ಸರ್ಕಾರಗಳು ಮತ್ತೆ ಕೈಗೆತ್ತಿಕೊಂಡವು. ಆದರೆ ಬೆಂಗಳೂರಿನ ಮಗ್ಗುಲಲ್ಲಿಯೇ ಇದ್ದ ರಾಮನಗರ ಜಿಲ್ಲೆಯಲ್ಲಿ ಏಪ್ರಿಲ್ ಕಳೆದರೂ ಪ್ರಕರಣಗಳಿರಲಿಲ್ಲ. ಮೇ ತಿಂಗಳ ಆರಂಭದಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ ಅದು ಹಸಿರು ವಲಯವಾಗಿತ್ತು.

ಆ ಸೊನ್ನೆಯನ್ನು ಜಿಲ್ಲೆ ಎಷ್ಟು ಜತನದಿಂದ ಕಾಯ್ದುಕೊಂಡಿತ್ತೆಂಬುದಕ್ಕೆ ಏಪ್ರಿಲ್ ತಿಂಗಳ ಒಂದು ಪ್ರಸಂಗ ಸಾಕ್ಷಿ. ಬೆಂಗಳೂರಿನ ಪಾದರಾಯನಪುರದ ಗಲಭೆಯಲ್ಲಿ ಬಂಧಿತರಾದವರನ್ನು ರಾಮನಗರದ ಕಾರಾಗೃಹಕ್ಕೆ ಕರೆತರಲಾಯಿತು. ಅವರಲ್ಲಿ ಕೆಲವರಿಗೆ ಸೋಂಕು ದೃಢಪಟ್ಟಿತು. ಸೋಂಕಿಲ್ಲದ ಜಿಲ್ಲೆಗೆ ಅವರನ್ನು ತಂದದ್ದೇಕೆ ಎಂಬ ಆಕ್ಷೇಪ ಬಲವಾಗಿ ಎದ್ದಿತು. ಕೆಲವೇ ದಿನಗಳಲ್ಲಿ ಅವರನ್ನು ಬೆಂಗಳೂರಿನ ಹಜ್ ಭವನಕ್ಕೆ ಸ್ಥಳಾಂತರಿಸಲಾಯಿತು. ಜನರ ಆತಂಕ ಅರ್ಥವಾಗುವಂಥದೇ. ಆದರೆ ಹೆದ್ದಾರಿ, ರೈಲು, ಬಿಡದಿಯ ಕೈಗಾರಿಕೆಗಳು ಮತ್ತು ರೇಷ್ಮೆಗೂಡಿನ ಮಾರುಕಟ್ಟೆ ಇರುವ ಜಿಲ್ಲೆಯಲ್ಲಿ ಸೊನ್ನೆ ಉಳಿದದ್ದು ಲಾಕ್‌ಡೌನ್ ಈ ಎಲ್ಲ ದಾರಿಗಳನ್ನು ಮುಚ್ಚಿದ್ದರಿಂದ. ದಾರಿಗಳು ತೆರೆದ ಮೇಲೆ ಸೋಂಕು ಈ ನಾಲ್ಕೂ ತಾಲ್ಲೂಕುಗಳನ್ನು ಪ್ರವೇಶಿಸಿತು.

ಈ ಸಂದರ್ಭದಲ್ಲಿ ಕಾವೇರಿಯ ಆಚೆಗಿರುವ ನೆರೆಯ ಚಾಮರಾಜನಗರ ಜಿಲ್ಲೆಯನ್ನು ನೆನೆಯಬೇಕು. 2020ರ ಜೂನ್‌ವರೆಗೆ ಒಂದೂ ಪ್ರಕರಣವಿಲ್ಲದೆ ರಾಜ್ಯದಲ್ಲಿಯೇ ಅತಿ ಹೆಚ್ಚು ಕಾಲ ಸೊನ್ನೆಯನ್ನು ಉಳಿಸಿಕೊಂಡ ಜಿಲ್ಲೆಯದು. ಅದೇ ಜಿಲ್ಲೆಯಲ್ಲಿ 2021ರ ಮೇ 2 ಮತ್ತು 3ರ ನಡುವೆ ಆಮ್ಲಜನಕದ ಅಭಾವದ ದುರಂತ ಘಟಿಸಿ 24 ರೋಗಿಗಳು ಮೃತಪಟ್ಟರು. ಒಂದು ವರ್ಷದ ಹಿಂದಿನ ಸೊನ್ನೆಯು ಅವರನ್ನು ರಕ್ಷಿಸಲಿಲ್ಲ. ರಕ್ಷಿಸಬಹುದಾಗಿದ್ದುದು ಆಮ್ಲಜನಕದ ದಾಸ್ತಾನು ಮಾತ್ರ.

2021ರ ಫೆಬ್ರವರಿ

ಕರ್ನಾಟಕದಲ್ಲಿ ಮೊದಲ ಅಲೆಯು 2020ರ ಅಕ್ಟೋಬರ್ ಮೊದಲ ಭಾಗದಲ್ಲಿ ತುದಿ ಮುಟ್ಟಿತು. ಆಗ ದಿನಕ್ಕೆ 10 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳು ವರದಿಯಾಗುತ್ತಿದ್ದವು. ಅಲ್ಲಿಂದ ಅಂಕಿ ಸತತವಾಗಿ ಇಳಿಯಿತು. ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗಳು ನಡೆದವು. ಜನವರಿಯಲ್ಲಿ ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ತರಗತಿಗಳು ತೆರೆದವು. ಫೆಬ್ರವರಿಯ ವೇಳೆಗೆ ರಾಜ್ಯದ ದಿನದ ಅಂಕಿ 400ರ ಆಸುಪಾಸಿಗೆ ಬಂದಿತ್ತು. ಮಾರ್ಚ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಸಚಿವರು ದೇಶವು ಸಾಂಕ್ರಾಮಿಕದ ಅಂತಿಮ ಘಟ್ಟದಲ್ಲಿದೆಯೆಂದು ಹೇಳಿದರು.

ಎರಡು ತಿಂಗಳು ಕಳೆಯುವುದರೊಳಗೆ, 2021ರ ಮೇ 5ರಂದು, ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳೂ 346 ಸಾವುಗಳೂ ವರದಿಯಾದವು. ಹಾಸಿಗೆಗಾಗಿ ಅಲೆದಾಟ, ಆಮ್ಲಜನಕದ ಸಿಲಿಂಡರಿಗಾಗಿ ಸರದಿ, ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು, ಇವು ಆ ತಿಂಗಳ ದೃಶ್ಯಗಳು. ಗಮನಿಸಬೇಕಾದ ಸಂಗತಿಯೆಂದರೆ ಎಚ್ಚರಿಕೆ ಇರಲಿಲ್ಲವೆಂದು ಹೇಳುವಂತಿಲ್ಲ. 2020ರ ನವೆಂಬರ್ ಕೊನೆಯಲ್ಲಿಯೇ ರಾಜ್ಯದ ಕೋವಿಡ್ ತಾಂತ್ರಿಕ ಸಲಹಾ ಸಮಿತಿ ಎರಡನೆಯ ಅಲೆಯ ಸಾಧ್ಯತೆಯನ್ನು ತಿಳಿಸಿ ಸಿದ್ಧತೆಗೆ ಸೂಚಿಸಿತ್ತು. ಆದರೆ ಇಳಿಯುತ್ತಿರುವ ಅಂಕಿಯ ಮುಂದೆ ಸಮಿತಿಯ ವರದಿಗೆ ಬಲ ಕಡಿಮೆ. ಅಂಕಿ ಎಲ್ಲರ ಕಣ್ಣಿಗೆ ಬೀಳುತ್ತದೆ, ವರದಿಯನ್ನು ಓದುವವರು ವಿರಳ.

ಫೆಬ್ರವರಿಯ ಇಳಿತಕ್ಕೆ ಹಲವು ಕಾರಣಗಳಿದ್ದವು. ಒಂದಷ್ಟು ಜನರಿಗೆ ಸೋಂಕು ತಗುಲಿ ಪ್ರತಿರೋಧ ಬಂದಿತ್ತು. ಒಂದಷ್ಟು ಜನರು ಮುಖಗವಸು, ಅಂತರಗಳನ್ನು ಪಾಲಿಸಿದ್ದರು. ಇವೆರಡೂ ತಾತ್ಕಾಲಿಕ. ಪಾಲನೆ ಸಡಿಲವಾಗುತ್ತದೆ, ಪ್ರತಿರೋಧ ಕ್ಷೀಣಿಸುತ್ತದೆ, ವೈರಾಣು ರೂಪಾಂತರಗೊಳ್ಳುತ್ತದೆ. ಲಸಿಕೆ ಕಾರ್ಯಕ್ರಮ ಜನವರಿ 16ರಂದು ಆರಂಭವಾಗಿತ್ತಾದರೂ ಜನಸಾಮಾನ್ಯರಲ್ಲಿ ಬಹುಪಾಲಿಗೆ ಅದಿನ್ನೂ ತಲುಪಿರಲಿಲ್ಲ. ಪ್ಲೇಗಿನ ಬೇಸಗೆಯಂತೆ ಇದೂ ಕಾರಣಗಳು ಉಳಿದುಕೊಂಡೇ ಆದ ಇಳಿತವಾಗಿತ್ತು.

ಒಂದೇ ಅಂಕಿ, ಎರಡು ಅರ್ಥ

ಹಾಗಾದರೆ ಆಶಾವಾದಕ್ಕೆ ಆಸ್ಪದವೇ ಇಲ್ಲವೇ? ಇದೆ. ಅದನ್ನು ತೋರಿಸುವುದು ಮೂರನೆಯ ಅಲೆ. 2022ರ ಜನವರಿ 9ರಂದು ಕನಕಪುರ ತಾಲ್ಲೂಕಿನ ಸಂಗಮದಿಂದ ಮೇಕೆದಾಟು ಪಾದಯಾತ್ರೆ ಹೊರಟಿತು. ಒಮೈಕ್ರಾನ್ ರೂಪಾಂತರಿಯ ಕಾರಣ ಸೋಂಕು ಅತಿವೇಗದಿಂದ ಏರುತ್ತಿದ್ದ ದಿನಗಳವು. ಉಚ್ಚ ನ್ಯಾಯಾಲಯದ ತರಾಟೆ ಮತ್ತು ಸರ್ಕಾರದ ನಿಷೇಧಗಳ ಬಳಿಕ ಜನವರಿ 13ರಂದು ಪಾದಯಾತ್ರೆ ರಾಮನಗರದಲ್ಲಿ ನಿಂತಿತು. ಜನವರಿ 23ರಂದು ರಾಜ್ಯದಲ್ಲಿ 50,210 ಪ್ರಕರಣಗಳು ವರದಿಯಾದವು. ಎಂಟು ತಿಂಗಳ ಹಿಂದಿನ ಭೀಕರ ದಿನದ ಅಂಕಿಯನ್ನೂ ಇದು ಸ್ವಲ್ಪ ಮೀರಿತ್ತು. ಆದರೆ ಆ ದಿನ ವರದಿಯಾದ ಸಾವುಗಳು 19. ಫೆಬ್ರವರಿಯಲ್ಲಿ ಅಲೆ ಇಳಿಯಿತು. 27ರಂದು ಪಾದಯಾತ್ರೆ ರಾಮನಗರದಿಂದಲೇ ಮುಂದುವರಿಯಿತು.

50,112 ಮತ್ತು 50,210. ಅಂಕಿಗಳು ಹೆಚ್ಚುಕಡಿಮೆ ಒಂದೇ. ಒಂದರ ಜೊತೆಗೆ 346 ಸಾವು, ಮತ್ತೊಂದರ ಜೊತೆಗೆ 19. ರೂಪಾಂತರಿಯ ಗುಣ ಬದಲಾಗಿತ್ತೆಂಬುದು ಒಂದು ಕಾರಣ. ವಯಸ್ಕರಲ್ಲಿ ಬಹುಪಾಲು ಮಂದಿ ಅಷ್ಟರಲ್ಲಿ ಲಸಿಕೆಯ ಎರಡೂ ಡೋಸ್ ಪಡೆದಿದ್ದರೆಂಬುದು ಮತ್ತೊಂದು. 2021ರ ಫೆಬ್ರವರಿಯಲ್ಲಿ ಅಂಕಿ ಕಡಿಮೆಯಿದ್ದಾಗ ಅಪಾಯ ಹೆಚ್ಚಿತ್ತು, 2022ರ ಜನವರಿಯಲ್ಲಿ ಅಂಕಿ ಹೆಚ್ಚಿದ್ದಾಗ ಪ್ರತಿಯೊಬ್ಬ ಸೋಂಕಿತನ ಅಪಾಯ ಕಡಿಮೆಯಿತ್ತು. ಆಶಾವಾದದ ಆಧಾರ ಅಂಕಿಯ ದಿಕ್ಕಿನಲ್ಲಿರದೆ ಅಂಕಿಯ ಹಿಂದಿನ ಕಾರಣದಲ್ಲಿರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಎಣಿಕೆಗೆ ಸಿಗದವರು

ಅಂಕಿ ಇಳಿಯಲು ಇನ್ನೊಂದು ಕಾರಣವೂ ಇರಬಹುದು. ಅದು ಎಣಿಕೆಯೇ ಕಡಿಮೆಯಾಗುವುದು. ಉದಾಹರಣೆಗೆ, ಒಂದು ತಾಲ್ಲೂಕಿನಲ್ಲಿ ಒಂದು ದಿನ 1,000 ಪರೀಕ್ಷೆಗಳಲ್ಲಿ 100 ಸೋಂಕು ಪತ್ತೆಯಾಯಿತೆಂದು ಭಾವಿಸೋಣ. ಮರುವಾರ 400 ಪರೀಕ್ಷೆಗಳಲ್ಲಿ 60 ಪತ್ತೆಯಾದರೆ ಅಂಕಿ ನೂರರಿಂದ ಅರವತ್ತಕ್ಕೆ ಇಳಿದಂತೆ ಕಾಣುತ್ತದೆ. ಆದರೆ ಪರೀಕ್ಷಿಸಿದವರಲ್ಲಿ ಸೋಂಕಿತರ ಪ್ರಮಾಣ ಶೇ 10ರಿಂದ ಶೇ 15ಕ್ಕೆ ಏರಿರುತ್ತದೆ. 2021ರ ಜೂನ್‌ನಲ್ಲಿ ನಿರ್ಬಂಧಗಳನ್ನು ಸಡಿಲಿಸುವಾಗ ಸರ್ಕಾರ ಪ್ರಕರಣಗಳ ಸಂಖ್ಯೆಗಿಂತ ಪಾಸಿಟಿವಿಟಿ ದರವನ್ನು ಮುಖ್ಯವಾಗಿ ನೋಡಿದ್ದು ಈ ಕಾರಣದಿಂದ.

ಸಾವಿನ ಎಣಿಕೆಯೂ ಹೀಗೆಯೇ. 2020 ಮತ್ತು 2021ರಲ್ಲಿ ಭಾರತದಲ್ಲಿ ಕೋವಿಡ್‌ನಿಂದ ಸತ್ತವರು ಸುಮಾರು 4.8 ಲಕ್ಷವೆಂದು ಅಧಿಕೃತ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯು 2022ರ ಮೇ ತಿಂಗಳಿನಲ್ಲಿ ಆ ಎರಡು ವರ್ಷಗಳ ಹೆಚ್ಚುವರಿ ಸಾವುಗಳನ್ನು ಸುಮಾರು 47 ಲಕ್ಷವೆಂದು ಅಂದಾಜಿಸಿತು. ಭಾರತ ಸರ್ಕಾರ ಈ ಅಂದಾಜಿನ ವಿಧಾನವನ್ನು ಒಪ್ಪಲಿಲ್ಲ. ವಿವಾದ ಏನೇ ಇರಲಿ, ಮನೆಯಲ್ಲಿಯೇ ಜ್ವರದಿಂದ ಸತ್ತ ಹಳ್ಳಿಗನ ಹೆಸರು ಪರೀಕ್ಷೆಯಿಲ್ಲದೆ ಕೋವಿಡ್ ಪಟ್ಟಿಗೆ ಸೇರುವುದಿಲ್ಲವೆಂಬುದು ಸತ್ಯ. 1918ರ 60 ಲಕ್ಷ ಮುಂದೆ ಕೋಟಿಯನ್ನು ದಾಟಿದಂತೆ, ಸಾಂಕ್ರಾಮಿಕದ ನಿಜವಾದ ಲೆಕ್ಕ ಯಾವಾಗಲೂ ತಡವಾಗಿ ಬರುತ್ತದೆ.

ಕಾಯಿಸಿ ಒಪ್ಪಿದ ಸೊನ್ನೆ

ಆಶಾವಾದವನ್ನು ಹೇಗೆ ಸಂಪಾದಿಸಬೇಕೆಂಬುದನ್ನು ಭಾರತವೇ ಬೇರೆ ಎರಡು ರೋಗಗಳ ವಿಷಯದಲ್ಲಿ ತೋರಿಸಿಕೊಟ್ಟಿದೆ. ಕರ್ನಾಟಕವನ್ನೂ ಕಾಡುತ್ತಿದ್ದ ನಾರುಹುಣ್ಣಿನ ಕೊನೆಯ ಪ್ರಕರಣ ದೇಶದಲ್ಲಿ ಕಂಡದ್ದು 1996ರಲ್ಲಿ. ರೋಗಮುಕ್ತವೆಂಬ ಘೋಷಣೆ ಬಂದದ್ದು 2000ದಲ್ಲಿ. ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯದು. ಪ್ರಮಾಣಪತ್ರ ದೊರೆತದ್ದು 2014ರ ಮಾರ್ಚ್‌ನಲ್ಲಿ. ಎರಡು ಸಂದರ್ಭಗಳಲ್ಲಿಯೂ ಅಂಕಿ ಸೊನ್ನೆಯಾದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯಲಾಯಿತು. ಕಾಯುವಾಗ ಸುಮ್ಮನಿರಲಿಲ್ಲ, ಹಳ್ಳಿ ಹಳ್ಳಿಗಳಲ್ಲಿ ಹುಡುಕಾಟ ನಡೆದೇ ಇತ್ತು. ಹುಡುಕಿಯೂ ಸಿಗದ ಸೊನ್ನೆ ಬೇರೆ, ಹುಡುಕದೆ ಸಿಕ್ಕ ಸೊನ್ನೆ ಬೇರೆ.

ಬಿಡುವಿನ ಕಾಲದಲ್ಲಿ ಏನು ಕಟ್ಟಬಹುದೆಂಬುದಕ್ಕೂ ಈ ಸೀಮೆಯಲ್ಲಿಯೇ ಉದಾಹರಣೆಯಿದೆ. ಪ್ಲೇಗಿನ ಅನುಭವದಿಂದ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಹಳ್ಳಿಗಳ ಸರದಿ ಬರಲು ಇನ್ನೂ ಮೂರು ದಶಕ ಹಿಡಿಯಿತು. 1930ರ ದಶಕದಲ್ಲಿ ಮೈಸೂರು ಸಂಸ್ಥಾನವು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ತೆರೆಯಿತು. ಅದು ಆರೋಗ್ಯ ಸಿಬ್ಬಂದಿಯ ತರಬೇತಿ ಕೇಂದ್ರವೂ ಆಯಿತು. ಜನನ-ಮರಣಗಳನ್ನು ದಾಖಲಿಸುವುದು, ಬಾಣಂತಿಯರ ಆರೈಕೆ, ದೇವಿ ಹಾಕುವುದು, ನೀರು ಮತ್ತು ನೈರ್ಮಲ್ಯದ ಮೇಲ್ವಿಚಾರಣೆ, ಇವು ಇಂತಹ ಘಟಕಗಳ ಕೆಲಸ. ಮಹಾಮಾರಿ ಇಲ್ಲದ ದಿನಗಳಲ್ಲಿ ನಡೆಯುವ, ಸುದ್ದಿಯಾಗದ ಈ ದುಡಿಮೆಯೇ ಮುಂದಿನ ಮಹಾಮಾರಿಯ ದಿನ ಬಳಕೆಗೆ ಬರುವ ಬಂಡವಾಳ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಚರಿತ್ರೆಯಿಂದ ಮೂಡುವ ತೀರ್ಮಾನ ಇಷ್ಟು: ಸಾಂಕ್ರಾಮಿಕದ ಅಂಕಿ ಇಳಿದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ಎಣಿಕೆ ಮೊದಲಿನಷ್ಟೇ ನಡೆಯುತ್ತಿದೆಯೇ? ಇಳಿತಕ್ಕೆ ಕಾರಣವಾದುದು ಉಳಿಯುವಂಥದೇ, ಋತುವಿನೊಡನೆ ಹೋಗುವಂಥದೇ? ಸಿಕ್ಕ ಬಿಡುವಿನಲ್ಲಿ ಲಸಿಕೆ, ಹಾಸಿಗೆ, ಆಮ್ಲಜನಕ, ಸಿಬ್ಬಂದಿಗಳ ಸಿದ್ಧತೆ ಎಷ್ಟಾಗಿದೆ? ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ ಆಶಾವಾದ ನ್ಯಾಯವಾದದ್ದು. ದೊರೆಯದಿದ್ದರೆ ಇಳಿದ ಅಂಕಿಯು ಕೆಲಸಕ್ಕೆ ಸಿಕ್ಕ ಕಾಲಾವಕಾಶ ಮಾತ್ರ. ಆ ಅವಕಾಶ 1918ರಲ್ಲಿ ಎರಡು ತಿಂಗಳಿತ್ತು, 2021ರಲ್ಲಿ ನಾಲ್ಕೈದು ತಿಂಗಳಿತ್ತು. ಮುಂದಿನ ಸಲ ಎಷ್ಟಿರುವುದೆಂದು ಯಾವ ಅಂಕಿಯೂ ಮುಂಚಿತವಾಗಿ ತಿಳಿಸದು.